ಅಗರಬತ್ತಿ ಆದಮೇಲೆ ತಾರೀಖು: ಚಾಮರಾಜಪೇಟೆಯ ಒಂದು ಲಾಗಿನ್ ಪ್ರಕರಣ

2025ರ ನವೆಂಬರ್, ಕಡಲೆಕಾಯಿ ಪರಿಷೆಗೆ ಮುಂಚಿನ ಶನಿವಾರ. ಹನುಮಂತನಗರದಲ್ಲಿ ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದಾಗ ಫೋನ್ ಬಂತು. ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸಿನ ಯಜಮಾನರು. "ಕಂಪ್ಯೂಟರ್ ಒಳಗೇ ಬಿಡ್ತಿಲ್ಲ ಕಣಪ್ಪ. ಸೋಮವಾರ ಮೂರು ಮನೆಯವರಿಗೆ ಪ್ರೂಫ್ ತೋರಿಸಬೇಕು. ಹಳೇದೆಲ್ಲ ಅದರಲ್ಲೇ ಇದೆ."

ಒಳಗೆ ಬಿಡುತ್ತಿಲ್ಲ ಎಂದರೆ ಏನು ಬೇಕಾದರೂ ಇರಬಹುದು. ಪಕ್ಕದಲ್ಲಿದ್ದ ಸರ್ವಿಸ್ ಅಂಗಡಿಯ ಹುಡುಗನಿಗೆ ಫೋನ್ ಕೊಡಿ ಅಂದೆ. ಅವನು ಒಂದೇ ಉಸಿರಿನಲ್ಲಿ ಹೇಳಿದ್ದು ಇಷ್ಟು: ವಿಂಡೋಸ್ 10 ತೆಗೆದು ವಿಂಡೋಸ್ 11 ಹಾಕಿದ್ದೇನೆ, ಇನ್‌ಸ್ಟಾಲ್ ಚೆನ್ನಾಗಿ ಮುಗಿಯಿತು, ವೈಫೈ ಹಿಡಿಯುತ್ತದೆ, ಆದರೆ ಅಕೌಂಟ್ ಕೇಳುವ ಕಡೆ 'ಸಮ್‌ಥಿಂಗ್ ವೆಂಟ್ ರಾಂಗ್' ಅಂತ ಬರುತ್ತದೆ, ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ. "ಬೈಪಾಸ್ ಮಾಡಿ ಲೋಕಲ್ ಅಕೌಂಟ್ ಹಾಕಿಬಿಡ್ಲಾ ಅಣ್ಣ?"

ಮೈಕ್ರೋಸಾಫ್ಟ್ ಅಕೌಂಟ್ ಬಿಟ್ಟು, ಆ ಯಂತ್ರಕ್ಕಷ್ಟೇ ಸೀಮಿತವಾದ ಅಕೌಂಟ್ ಹಾಕಲಾ ಅಂತ ಅವನ ಪ್ರಶ್ನೆ. ಬೇಡ, ನಾನು ಬರುವವರೆಗೆ ಏನೂ ಮುಟ್ಟಬೇಡ ಅಂದೆ. ಹಾಗೆ ಹೇಳಿದ್ದು ಒಂದು ಅನುಮಾನದಿಂದ. ಅದು ನಿಜವಾಯಿತು, ಆದರೆ ಗೊತ್ತಾಗಿದ್ದು ಸಂಜೆ.

ಹುಡುಗನ ಕೆಲಸದಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಲ್ಯಾಪ್‌ಟಾಪ್ 2019ರಲ್ಲಿ ಕೊಂಡಿದ್ದು, ಇಂಟೆಲ್ ಎಂಟನೇ ತಲೆಮಾರಿನ ಪ್ರೊಸೆಸರ್; ಅಂದರೆ ವಿಂಡೋಸ್ 11ರ ಹೊಸ್ತಿಲನ್ನು ಸರಿಯಾಗಿ ದಾಟುವಂಥದ್ದು. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಒಳಗೆ ಎರಡು ಡಿಸ್ಕ್: ವಿಂಡೋಸ್ ಇದ್ದ ಎಸ್‌ಎಸ್‌ಡಿ, ಮತ್ತು ಪತ್ರಿಕೆಗಳ ಫೈಲುಗಳೆಲ್ಲ ಇದ್ದ ಒಂದು ಟಿಬಿ ಹಾರ್ಡ್ ಡಿಸ್ಕ್, ಅಂದರೆ ಡಿ ಡ್ರೈವ್. ಅವನು ಮೊದಲನೆಯದನ್ನು ಮಾತ್ರ ಅಳಿಸಿದ್ದ. ಎಷ್ಟೋ ಜನ ಎರಡನ್ನೂ ಒರೆಸಿ ಆಮೇಲೆ ಬ್ಯಾಕಪ್ ಇತ್ತಾ ಅಂತ ಕೇಳುತ್ತಾರೆ.

ಪ್ರೆಸ್ಸಿಗೆ ಹೋಗಿ ಕೂತ ಮೇಲೆ ನಾನು ವೈಫೈ ಮುಟ್ಟಲಿಲ್ಲ, ಪಾಸ್‌ವರ್ಡನ್ನೂ ಕೇಳಲಿಲ್ಲ. ಶಿಫ್ಟ್ ಜೊತೆ ಎಫ್10 ಒತ್ತಿದೆ (ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಯನ್ನೂ ಹಿಡಿದುಕೊಳ್ಳಬೇಕು). ಇನ್‌ಸ್ಟಾಲ್ ಪರದೆಯ ಮೇಲೆಯೇ ಕರಿ ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ 'ಡೇಟ್' ಅಂತ ಟೈಪ್ ಮಾಡಿ ಎಂಟರ್ ಹೊಡೆದೆ.

2019, ಜನವರಿ 1.

ಹುಡುಗ ನಕ್ಕ. ಯಜಮಾನರು ನಗಲಿಲ್ಲ. "ಹೂಂ, ಅದು ದಿನಾ ಹಾಗೇ. ಬೆಳಿಗ್ಗೆ ಬಂದ ತಕ್ಷಣ ದೇವರಿಗೆ ಅಗರಬತ್ತಿ ಹಚ್ಚಿ, ಆಮೇಲೆ ಕಂಪ್ಯೂಟರ್ ತಾರೀಖು ಸರಿ ಮಾಡ್ತೀನಿ. ಐದಾರು ತಿಂಗಳಾಯ್ತು. ಯಾಕೆ, ಎಲ್ಲರೂ ಮಾಡಲ್ವಾ?"

ಪ್ರಕರಣದ ಮುಕ್ಕಾಲು ಪಾಲು ಈ ಮಾತಿನಲ್ಲಿತ್ತು. ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಉಬ್ಬಿಕೊಂಡಿತೆಂದು ವರ್ಷದ ಹಿಂದೆ ಯಾರೋ ತೆಗೆದುಹಾಕಿದ್ದರು. ತೆಗೆದದ್ದು ಸರಿ, ಉಬ್ಬಿದ ಬ್ಯಾಟರಿಯನ್ನು ಒಳಗೆ ಇಟ್ಟುಕೊಳ್ಳಬಾರದು. ಆದರೆ ಹೊಸದು ಹಾಕಲಿಲ್ಲ. ಅಂದಿನಿಂದ ಅದು ಚಾರ್ಜರ್ ಮೇಲೆ, ಡೆಸ್ಕ್‌ಟಾಪಿನ ಹಾಗೆ ನಡೆಯುತ್ತಿತ್ತು. ರಾತ್ರಿ ಬಾಗಿಲು ಹಾಕುವಾಗ ಯಜಮಾನರು ಬೋರ್ಡಿನ ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ. ಕಾಗದ ತುಂಬಿದ ಜಾಗ, ಶಾರ್ಟ್ ಸರ್ಕ್ಯೂಟಿನ ಭಯ. ಆಗ ಗಡಿಯಾರ ನಡೆಸುವ ಭಾರವೆಲ್ಲ ಒಳಗಿನ ಒಂದು ರೂಪಾಯಿ ನಾಣ್ಯದಷ್ಟಗಲದ ಸೆಲ್ಲಿನ ಮೇಲೆ, ಸಿಆರ್2032 ಅನ್ನುವ ಸೆಲ್. ದೊಡ್ಡ ಬ್ಯಾಟರಿಯೋ ಕರೆಂಟೋ ಇದ್ದಾಗ ಈ ಸೆಲ್ಲಿಗೆ ಹೆಚ್ಚು ಕೆಲಸ ಇರುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಎರಡೂ ಇಲ್ಲದೆ ರಾತ್ರಿಯಿಡೀ ದುಡಿದರೆ ಬೇಗ ಬರಿದಾಗುತ್ತದೆ. ಬರಿದಾದ ಮೇಲೆ ಯಂತ್ರ ಪ್ರತಿ ಬೆಳಿಗ್ಗೆ ತಾನು ಹುಟ್ಟಿದ ಕಾಲಕ್ಕೇ ಕಣ್ಣು ಬಿಡುತ್ತದೆ.

ಹಾಗಾದರೆ ಇಷ್ಟು ದಿನ ಕೆಲಸ ನಡೆದದ್ದು ಹೇಗೆ? ಹಳೆಯ ವಿಂಡೋಸ್‌ಗೆ ಒಳಗೆ ಬಿಡಲು ಇಂಟರ್ನೆಟ್ ಬೇಕಿರಲಿಲ್ಲ. ಒಳಗೆ ಹೋದ ಮೇಲೆ ಮೂಲೆಯಲ್ಲಿ ಗಡಿಯಾರ ಕಾಣುತ್ತಿತ್ತು, ಯಜಮಾನರು ಸರಿ ಮಾಡುತ್ತಿದ್ದರು. ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಮೂಲೆಯೂ ಇಲ್ಲ, ಗಡಿಯಾರವೂ ಇಲ್ಲ. ವಿಂಡೋಸ್ 11 ಹೋಮ್ ಆವೃತ್ತಿ ಒಳಗೆ ಬಿಡುವ ಮುಂಚೆಯೇ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆಗಲು ಹೇಳುತ್ತದೆ, ಸೈನ್ ಇನ್ ಆಗಲು ಸರಿಯಾದ ತಾರೀಖು ಬೇಕು, ತಾರೀಖು ಸರಿ ಮಾಡಲು ಯಜಮಾನರಿಗೆ ಗೊತ್ತಿದ್ದ ಜಾಗ ಇರುವುದು ಒಳಗೆ.

ತಾರೀಖಿಗೂ ಸೈನ್ ಇನ್‌ಗೂ ಏನು ಸಂಬಂಧ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಯಾವುದೇ ಸುರಕ್ಷಿತ ತಾಣಕ್ಕೆ ಸಂಪರ್ಕ ಆಗುವಾಗ ಆ ಕಡೆಯಿಂದ ಒಂದು ಪ್ರಮಾಣಪತ್ರ ಬರುತ್ತದೆ. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು ಎಂದು ಇರುತ್ತದೆ. 2020ರ ಸೆಪ್ಟೆಂಬರ್‌ನಿಂದೀಚೆಗೆ ಸಾರ್ವಜನಿಕ ತಾಣಗಳ ಪ್ರಮಾಣಪತ್ರಕ್ಕೆ 398 ದಿನಕ್ಕಿಂತ ಹೆಚ್ಚು ಆಯುಸ್ಸು ಕೊಡುವಂತಿಲ್ಲ. ಹಾಗಾಗಿ 2025ರ ಕೊನೆಯಲ್ಲಿ ಚಾಲ್ತಿಯಲ್ಲಿರುವ ಪತ್ರಗಳೆಲ್ಲ ತೀರಾ ಈಚಿನವು. ಆದರೆ ಈ ಲ್ಯಾಪ್‌ಟಾಪ್ ತಾನು 2019ರಲ್ಲಿದ್ದೇನೆ ಅಂದುಕೊಂಡಿದೆ. ಅದರ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಮುಂದಿನ ವರ್ಷದ ಮದುವೆಯ ಪತ್ರಿಕೆ ಹಿಡಿದು ಇವತ್ತೇ ಛತ್ರಕ್ಕೆ ಹೋದರೆ ಬಾಗಿಲಲ್ಲಿ ಪನ್ನೀರು ಹಾಕುವವರು ಯಾರೂ ಇರುವುದಿಲ್ಲವಲ್ಲ, ಹಾಗೆ. ವೈಫೈ ಮಾತ್ರ ಹಿಡಿದದ್ದು ಯಾಕೆಂದರೆ ನಮ್ಮ ಮನೆಯ ರೌಟರ್ ಪಾಸ್‌ವರ್ಡ್ ಕೇಳುತ್ತದೆಯೇ ಹೊರತು ತಾರೀಖು ಕೇಳುವುದಿಲ್ಲ. ಪರದೆ ಇದಾವುದನ್ನೂ ಹೇಳುವುದಿಲ್ಲ. ಏನೋ ಎಡವಟ್ಟಾಗಿದೆ, ಮತ್ತೆ ಪ್ರಯತ್ನಿಸಿ ಅನ್ನುತ್ತದೆ. ಮತ್ತೆ ಪ್ರಯತ್ನಿಸಿ ಅನ್ನುವುದು ಇಂಥ ಕಡೆ ತೀರಾ ಕೆಟ್ಟ ಸಲಹೆ.

ಯಂತ್ರ ಆರಿಸಿ, ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್ ಏಳುವ ಮುಂಚಿನ, ಯಂತ್ರದ್ದೇ ಸೆಟ್ಟಿಂಗ್ ಪರದೆ) ಹೋಗಿ ತಾರೀಖು, ವೇಳೆ ಎರಡನ್ನೂ ಸರಿ ಮಾಡಿದೆ. ಸೆಲ್ ತರಿಸುವವರೆಗೆ ಪ್ಲಗ್ ಕೀಳಬೇಡಿ ಎಂದು ಯಜಮಾನರಿಗೆ ಎರಡು ಸಲ ಹೇಳಿದೆ. ಹುಡುಗನನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಓಡಿಸಿದೆ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ, ಈ ದಿನ ಬಿಟ್ಟರೆ ಸೋಮವಾರವೇ. ಬರಿ ಸೆಲ್ ತರಬೇಡ, ಎರಡು ತಂತಿ ಮತ್ತು ಪುಟ್ಟ ಕನೆಕ್ಟರ್ ಇರುವುದನ್ನೇ ತಾ ಅಂತ ಹಿಂದಿನ ಮುಚ್ಚಳ ಬಿಚ್ಚಿದಾಗ ಕಾಣುವ ಭಾಗದ ಫೋಟೋ ಫೋನಿಗೆ ಕಳಿಸಿದೆ.

ಈ ಸಲ ಸೈನ್ ಇನ್ ಪುಟ ಬಂತು. ಆದರೆ ಅದು ಮೊದಲನೆಯ ಬಾಗಿಲು ಅಷ್ಟೇ.

ಯಜಮಾನರು ಕನ್ನಡಕ ಏರಿಸಿಕೊಂಡು ಮುಂದೆ ಬಂದರು. ಇಮೇಲ್ ವಿಳಾಸ ಆರ್ಡರ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿತ್ತು. ಎಸ್‌ಪಿ ರೋಡಿಗೆ ಹೊರಡುವ ಮುಂಚೆ ಹುಡುಗನೇ ಅದನ್ನು ಟೈಪ್ ಮಾಡಿದ್ದ. ಆಮೇಲೆ ಪಾಸ್‌ವರ್ಡ್ ಕೇಳಿತು. ಅವರು ಧೈರ್ಯವಾಗಿ ನಾಲ್ಕು ಅಂಕಿ ಹೊಡೆದರು. ತಪ್ಪು ಅಂತು. ಮತ್ತೆ ಹೊಡೆದರು.

"ಅಲ್ಲ ಕಣಪ್ಪ, ಮೊನ್ನೆವರೆಗೂ ಇದೇ ನಾಲ್ಕು ನಂಬರ್‌ಗೆ ತೆಗೀತಿತ್ತು. ಆರು ವರ್ಷದಿಂದ ಇದೇ."

"ಅದು ಪಿನ್, ಯಜಮಾನ್ರೇ. ಪಾಸ್‌ವರ್ಡ್ ಬೇರೆ."

"ಎರಡೂ ಒಂದೇ ಅಲ್ವಾ?"

ಅಲ್ಲ. ಇದನ್ನು ನಾನು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತೇನೆ. ಪಾಸ್‌ವರ್ಡ್ ಅಕೌಂಟಿನದು, ಯಾವ ಯಂತ್ರದಲ್ಲಿ ಕೂತು ಹಾಕಿದರೂ ನಡೆಯುತ್ತದೆ. ಪಿನ್ ಆ ಒಂದು ಯಂತ್ರದ್ದು. ಟಿಪಿಎಂ ಅನ್ನುವ ಚಿಪ್ಪಿಗೆ ಅದನ್ನು ಕಟ್ಟಿಹಾಕಿರುತ್ತಾರೆ, ಅದು ಹೊರಗಿನ ಸರ್ವರ್‌ಗೆ ಹೋಗುವುದೇ ಇಲ್ಲ. ವಿಂಡೋಸ್ ಅಳಿಸಿ ಹೊಸದು ಹಾಕಿದ ಕ್ಷಣಕ್ಕೆ ಹಳೆಯ ಪಿನ್ನಿನ ಕಥೆ ಮುಗಿಯಿತು. ದಿನವೂ ಪಿನ್ ಹೊಡೆದು ಹೊಡೆದು ಅಸಲಿ ಪಾಸ್‌ವರ್ಡ್ ಒಂದಿದೆ ಅನ್ನುವುದೇ ಜನರಿಗೆ ಮರೆತುಹೋಗಿರುತ್ತದೆ. ಇವರಿಗೆ ಮರೆಯಲೂ ಇರಲಿಲ್ಲ, ಗೊತ್ತೇ ಇರಲಿಲ್ಲ. ಅಕೌಂಟ್ ಮಾಡಿಕೊಟ್ಟವಳು ತಂಗಿಯ ಮಗಳು, 2019ರಲ್ಲಿ, ಕಾಲೇಜು ರಜೆಯಲ್ಲಿ ಬಂದಿದ್ದಾಗ. ಅದೃಷ್ಟಕ್ಕೆ ಆ ಹುಡುಗಿ ಆರ್ಡರ್ ಪುಸ್ತಕದಲ್ಲಿ ಇಮೇಲಿನ ಕೆಳಗೇ ಪಾಸ್‌ವರ್ಡನ್ನೂ ದುಂಡಗೆ ಬರೆದಿಟ್ಟಿದ್ದಳು. ಮನೆದೇವರ ಹೆಸರು, ಆಮೇಲೆ ಒಂದು #, ಆಮೇಲೆ ಇಸವಿ. ಪುಸ್ತಕದಲ್ಲಿ ಪಾಸ್‌ವರ್ಡ್ ಬರೆಯಬಾರದು ಅನ್ನುವ ಜಾಣರು ಬಹಳ ಇದ್ದಾರೆ. ಆ ದಿನ ನಾನು ಆ ಗುಂಪಿನಲ್ಲಿರಲಿಲ್ಲ.

ಅಕ್ಷರ ಅಕ್ಷರ ನೋಡಿ ಹೊಡೆದೆ. ತಪ್ಪು. ಕ್ಯಾಪ್ಸ್ ಲಾಕ್ ನೋಡಿದೆ, ಸರಿ ಇದೆ. ಮತ್ತೆ ಹೊಡೆದೆ. ತಪ್ಪು. ಅಷ್ಟರಲ್ಲಿ ಯಜಮಾನರ ನಾಲ್ಕಂಕಿಯ ಪ್ರಯತ್ನಗಳೂ ಸೇರಿ, ತುಂಬ ಸಲ ತಪ್ಪಾಗಿ ಹಾಕಿದ್ದೀರಿ ಅಂತ ಅಕೌಂಟ್ ತಾತ್ಕಾಲಿಕವಾಗಿ ಬಾಗಿಲು ಹಾಕಿಕೊಂಡಿತು. ಇಲ್ಲಿ ಕೈ ಕಟ್ಟಿ ಕೂರುವುದೇ ಸರಿ. ಒತ್ತುತ್ತಾ ಹೋದರೆ ಕಾಯುವ ಹೊತ್ತು ಬೆಳೆಯುತ್ತದೆ.

ಊಟ ಮುಗಿಸಿ ಬರುವ ಹೊತ್ತಿಗೆ ಹುಡುಗನೂ ಸೆಲ್ ಹಿಡಿದು ಬಂದಿದ್ದ. ಮಾರ್ಕೆಟ್ ಹತ್ತಿರದ ಟ್ರಾಫಿಕ್ಕಿಗೆ ಬೈಯುತ್ತಾ, ಲ್ಯಾಪ್‌ಟಾಪ್ ಕಡೆ ನೋಡಿ ಅಂದ: "ಅಣ್ಣ, ಕೀಬೋರ್ಡೂ ಒಂಚೂರು ಹೋಗಿದೆ ಅನ್ಸುತ್ತೆ. ಬೆಳಿಗ್ಗೆ ಎರಡರ ಮೇಲಿರೋ @ ಒತ್ತಿದ್ರೆ ಕೊಟೇಶನ್ ಮಾರ್ಕ್ ಬರ್ತಿತ್ತು. ಎಂಟರ್ ಪಕ್ಕದ ಕೊಟೇಶನ್ ಒತ್ತಿದ್ರೆ @ ಬರುತ್ತೆ. ಅಡ್ಜಸ್ಟ್ ಮಾಡ್ಕೊಂಡೆ."

ಬೆಳಿಗ್ಗೆಯೇ ಹೇಳಬಾರದಿತ್ತಾ ಮಾರಾಯ. ನಾನೂ ಗಮನಿಸಬೇಕಿತ್ತು, ಇಮೇಲ್ ಟೈಪ್ ಮಾಡಿದ್ದು ಅವನೇ, ನಾನು ನೋಡುತ್ತಿದ್ದದ್ದು ಪುಸ್ತಕ. ಕೀಬೋರ್ಡ್ ಕೆಟ್ಟಿರಲಿಲ್ಲ. ಅವನ ಪೆನ್ ಡ್ರೈವಿನಲ್ಲಿದ್ದದ್ದು 'ಇಂಗ್ಲಿಷ್ ಇಂಟರ್‌ನ್ಯಾಷನಲ್' ಅನ್ನುವ ಪ್ರತಿ. ಅದು ಬ್ರಿಟನ್ನಿನ ಕೀಬೋರ್ಡ್ ವಿನ್ಯಾಸವನ್ನೇ ಮುಂದಿಡುತ್ತದೆ, ಇವನು ನೆಕ್ಸ್ಟ್ ನೆಕ್ಸ್ಟ್ ಅಂತ ಹೋಗಿದ್ದ. ನಮ್ಮಲ್ಲಿ ಮಾರುವ ಕೀಬೋರ್ಡುಗಳ ಮೇಲೆ ಅಚ್ಚಾಗಿರುವುದು ಅಮೆರಿಕದ ವಿನ್ಯಾಸ. ಎರಡಕ್ಕೂ ಅಕ್ಷರಗಳು ಒಂದೇ, ಚಿಹ್ನೆಗಳು ಬೇರೆ. @ ಮತ್ತು ಕೊಟೇಶನ್ ಅದಲುಬದಲು. ಇನ್ನೊಂದು ವ್ಯತ್ಯಾಸವೂ ಉಂಟು. ಇಮೇಲ್ ಜಾಗದಲ್ಲಿ ಕರ್ಸರ್ ಇಟ್ಟು, ಮೂರರ ಮೇಲಿನ # ಒತ್ತಿ ತೋರಿಸಿದೆ. ಪರದೆಯ ಮೇಲೆ ಬಂದದ್ದು £.

ಇಮೇಲಿನ ಎಡವಟ್ಟು ಕಣ್ಣಿಗೆ ಕಂಡಿತು, ಹುಡುಗ ಹೊಂದಿಸಿಕೊಂಡ. ಪಾಸ್‌ವರ್ಡಿನಲ್ಲಿ ಕಾಣುವುದು ಕರಿ ಚುಕ್ಕಿಗಳು ಮಾತ್ರ. ನಾನು ಎರಡು ಸಲವೂ ಮನೆದೇವರ ಹೆಸರಿನ ಪಕ್ಕ ಪೌಂಡ್ ಇಟ್ಟಿದ್ದೆ. ಪಾಸ್‌ವರ್ಡ್ ತಪ್ಪು ಎಂದು ಅನುಮಾನ ಬಂದಾಗ ಮೊದಲು ಅದರಲ್ಲಿರುವ ಚಿಹ್ನೆಗಳನ್ನಷ್ಟೇ ಇಮೇಲ್ ಜಾಗದಲ್ಲಿ ಹೊಡೆದು ನೋಡಿ ಅಳಿಸುವುದು ಆವತ್ತಿನಿಂದ ನನಗೆ ಅಭ್ಯಾಸವಾಗಿದೆ.

ಬ್ರಿಟಿಷ್ ವಿನ್ಯಾಸದಲ್ಲಿ ನಮ್ಮ ಎಂಟರ್ ಕೀಯ ಮೇಲಿರುವ ಹಿಂಗೆರೆಯ (\) ಕೀ ಒತ್ತಿದರೆ # ಬರುತ್ತದೆ. ಆ ಕ್ಷಣಕ್ಕೆ ನಾನೂ ಅಡ್ಜಸ್ಟ್ ಮಾಡಿಕೊಂಡೆ. ಪಾಸ್‌ವರ್ಡ್ ಹಿಡಿಯಿತು.

ಆಮೇಲೆ ಬಂದದ್ದು ಕೋಡ್. ಹೊಸ ಯಂತ್ರದ ಹಾಗೆ ಕಾಣುವುದರಿಂದ, ನೀವೇ ಹೌದೋ ಎಂದು ಖಚಿತಪಡಿಸಲು ಒಂದು ಇಮೇಲಿಗೆ ಕೋಡ್ ಕಳಿಸುತ್ತೇನೆ ಅಂತು. ಯಾವ ಇಮೇಲು? ಮೊದಲೆರಡು ಅಕ್ಷರ, ಆಮೇಲೆ ಬರೀ ನಕ್ಷತ್ರ. ಯಜಮಾನರದಲ್ಲ. ಹುಡುಗನ ಕೈ ಆಗಲೇ ಮೌಸಿನ ಮೇಲಿತ್ತು, ಕೆಳಗಡೆ 'ಇವು ಯಾವುವೂ ನನ್ನ ಬಳಿ ಇಲ್ಲ' ಎಂಬರ್ಥದ ಸಾಲಿನ ಕಡೆ ಹೋಗುತ್ತಿತ್ತು. ಕೈ ಹಿಡಿದೆ.

ಆ ಸಾಲು ನೋಡಲು ಸಾಧು. ಅದನ್ನು ಒತ್ತಿ ಹೊಸ ಫೋನನ್ನೋ ಇಮೇಲನ್ನೋ ಕೊಟ್ಟರೆ, ಹಳೆಯ ಭದ್ರತಾ ವಿವರಗಳನ್ನೆಲ್ಲ ಬದಲಿಸಬೇಕೆಂಬ ಕೋರಿಕೆ ದಾಖಲಾಗುತ್ತದೆ. ಬದಲಾವಣೆ ಜಾರಿಗೆ ಬರಲು 30 ದಿನ. ಯಾರಾದರೂ ಕಳ್ಳರು ಅಕೌಂಟ್ ಕದಿಯುತ್ತಿದ್ದರೆ ಅಸಲಿ ಒಡೆಯರಿಗೆ ತಡೆಯಲು ಕಾಲಾವಕಾಶ ಇರಲಿ ಎಂದು ಇಟ್ಟ ನಿಯಮ, ನ್ಯಾಯವಾದದ್ದೇ. ಆದರೆ ನಾನು ಯಜಮಾನರಿಗೆ ಲೆಕ್ಕ ಹೇಳಿದೆ: ಇವತ್ತು ನವೆಂಬರ್ 15. ಮೂವತ್ತು ದಿನ ಅಂದರೆ ಡಿಸೆಂಬರ್ 15.

"ಮಾರನೇ ದಿನವೇ ಧನುರ್ಮಾಸ," ಅಂದರು ಅವರು. "ಆಮೇಲೆ ಯಾರ ಮದುವೆಗೆ ಪತ್ರಿಕೆ ಹೊಡೀಲಿ?"

ನಕ್ಷತ್ರಗಳ ಹಿಂದಿನ ಇಮೇಲ್ ಯಾರದಿರಬಹುದು ಎಂದು ಊಹಿಸುವುದು ಕಷ್ಟವಿರಲಿಲ್ಲ. ಅಕೌಂಟ್ ಮಾಡಿದವಳು ತನ್ನದನ್ನೇ ಕೊಟ್ಟಿರುತ್ತಾಳೆ. ಅವಳೀಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಪುಟ್ಟಾ, ನಿನ್ನ ಇಮೇಲ್‌ಗೆ ಒಂದು ನಂಬರ್ ಬರುತ್ತಂತೆ, ಹೇಳು."

"ಮಾವ, ಓಟಿಪಿ ಯಾರು ಕೇಳಿದ್ರೂ ಹೇಳಬೇಡ ಅಂತ ಹೋದ ತಿಂಗಳು ನೀವೇ ಅಲ್ವಾ ವಾಟ್ಸಾಪ್ ಮಾಡಿದ್ದು?"

ಹುಡುಗಿ ಜಾಣೆ. ಫೋನಿಟ್ಟು, ತಾನೇ ವಿಡಿಯೋ ಕಾಲ್ ಮಾಡಿ, ಮಾವನ ಮುಖ ನೋಡಿದ ಮೇಲೆಯೇ ಒಪ್ಪಿದಳು. ಕೋಡ್ ಕಳಿಸುವ ಮುಂಚೆ ಪೂರ್ತಿ ಇಮೇಲನ್ನು ನಾವು ಹಾಕಬೇಕು. ಮೊದಲೆರಡು ಅಕ್ಷರ ಹೊಂದಿದವು, ಅವಳದೇ. ಕೋಡ್ ಓದಿದಳು, ಹಾಕಿದೆ, ಹೊಸ ಪಿನ್ ಕೇಳಿತು. ಯಜಮಾನರು ಹಳೆಯ ನಾಲ್ಕಂಕಿಯನ್ನೇ ಮತ್ತೆ ಇಟ್ಟರು. ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ.

ಡೆಸ್ಕ್‌ಟಾಪ್ ಬಂತು, ಎಲ್ಲರೂ ಉಸಿರು ಬಿಟ್ಟರು. ನಾನು ಬಿಡಲಿಲ್ಲ. ಬೆಳಗಿನ ಅನುಮಾನ ಇನ್ನೂ ಬಾಕಿ ಇತ್ತು. ಫೈಲ್ ಎಕ್ಸ್‌ಪ್ಲೋರರ್ ತೆರೆದೆ. ಡಿ ಡ್ರೈವಿನ ಮೇಲೆ ಚಿನ್ನದ ಬಣ್ಣದ ಬೀಗ.

ಒತ್ತಿದಾಗ ಅದು ಕೇಳಿದ್ದು ಪಿನ್ನಲ್ಲ, ಪಾಸ್‌ವರ್ಡಲ್ಲ. 48 ಅಂಕಿಗಳ ರಿಕವರಿ ಕೀ.

ಯಜಮಾನರ ಮುಖ ನೋಡಲಾಗಲಿಲ್ಲ. ಆರು ವರ್ಷದ ಪತ್ರಿಕೆಗಳು, ಅದಕ್ಕೂ ಹಿಂದಿನವುಗಳ ಪ್ರತಿಗಳು, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ನೂರಾರು ಕುಟುಂಬಗಳ ಹೆಸರುಗಳು. ಒಂದು ಮನೆಯಲ್ಲಿ ಅಕ್ಕನ ಪತ್ರಿಕೆ ಹೊಡೆಸಿದವರು ತಮ್ಮನದ್ದಕ್ಕೂ ಅಲ್ಲಿಗೇ ಬರುತ್ತಾರೆ. ಹಿರಿಯರ ಹೆಸರುಗಳ ಸಾಲನ್ನು ಹೊಸದಾಗಿ ಟೈಪ್ ಮಾಡಿದರೆ ಯಾವುದೋ ಒಬ್ಬ ದೊಡ್ಡಪ್ಪ ಬಿಟ್ಟುಹೋಗುತ್ತಾರೆ, ಆಮೇಲೆ ಅದೇ ಜಗಳ. ಹಳೆಯ ಫೈಲು ಅವರ ಬಂಡವಾಳ. "ನಾನು ಇದಕ್ಕೆ ಬೀಗ ಹಾಕೇ ಇಲ್ಲ ಕಣಪ್ಪ," ಅಂತ ಮೂರು ಸಲ ಹೇಳಿದರು.

ನಿಜ, ಅವರು ಹಾಕಿರಲಿಲ್ಲ. ವಿಂಡೋಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ವ್ಯವಸ್ಥೆ ಇದೆ. ತಕ್ಕ ಯಂತ್ರಾಂಶ ಇದ್ದು, ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆದರೆ, ಯಾರೂ ಕೇಳದೆಯೇ ಡಿಸ್ಕುಗಳು ಗೂಢಲಿಪಿಗೆ ತಿರುಗುತ್ತವೆ. ವಿಂಡೋಸ್ ಇರುವ ಡಿಸ್ಕ್ ಅಷ್ಟೇ ಅಲ್ಲ, ಒಳಗೆ ಕೂತಿರುವ ಎರಡನೆಯದೂ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೆ ಒಳಗಿನದು ಓದಲು ಸಿಗಬಾರದು ಎಂಬುದು ಉದ್ದೇಶ. ದಿನನಿತ್ಯ ಹಳೆಯ ವಿಂಡೋಸ್ ತಾನೇ ಬೀಗ ತೆಗೆಯುತ್ತಿತ್ತು, ಇವರಿಗೆ ಗೊತ್ತಾಗುತ್ತಿರಲಿಲ್ಲ. ಆ ವಿಂಡೋಸನ್ನು ಬೆಳಿಗ್ಗೆ ಅಳಿಸಿದ್ದಾಯಿತು. ಹೊಸದಕ್ಕೆ ಈ ಡಿಸ್ಕಿನ ಪರಿಚಯವಿಲ್ಲ.

ಬೀಗದ ಕೈ ಇರುವುದು ಅಕೌಂಟಿನಲ್ಲಿ. ಸೈನ್ ಇನ್ ಆದ ದಿನವೇ ವಿಂಡೋಸ್ ಅದನ್ನು ಅಲ್ಲಿ ಜಮಾ ಮಾಡಿರುತ್ತದೆ. ಹುಡುಗ ಹೇಳಿದ ಬೈಪಾಸ್ ದಾರಿ ಹಿಡಿದಿದ್ದರೆ ಡೆಸ್ಕ್‌ಟಾಪ್ ಬೆಳಿಗ್ಗೆ ಹನ್ನೊಂದಕ್ಕೇ ಬಂದಿರುತ್ತಿತ್ತು (ಹೊಸ ಆವೃತ್ತಿಗಳಲ್ಲಿ ಆ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾರೆ, ಅದು ಬೇರೆ ಮಾತು). ಆದರೆ ಡಿ ಡ್ರೈವಿನ ಎದುರು ಬಂದು ನಿಂತಾಗ ಅದೇ ಅಕೌಂಟು, ಅದೇ ಪಾಸ್‌ವರ್ಡು, ಅದೇ ಕೋಡು ಬೇಕಾಗುತ್ತಿತ್ತು. ನನಗೆ ಹೆದರಿಕೆ ಇದ್ದದ್ದು ಇನ್ನೊಂದಕ್ಕೆ: ಬೀಗ ನೋಡಿ 'ಡ್ರೈವ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಿಬಿಡೋಣ' ಅಂತ ಯಾರಾದರೂ ಅಂದುಬಿಡುತ್ತಾರೆ. ಅಂಥದ್ದನ್ನು ಕಣ್ಣಾರೆ ಕಂಡಿದ್ದೇನೆ.

ಫೋನಿನ ಬ್ರೌಸರಿನಲ್ಲಿ ಅಕೌಂಟ್ ಪುಟಕ್ಕೆ ಹೋಗಿ ರಿಕವರಿ ಕೀಗಳ ಪಟ್ಟಿ ತೆರೆದೆವು. ಒಂದಲ್ಲ, ಎರಡು ಕೀ ಇದ್ದವು, ಒಂದು ಅಳಿಸಿಹೋದ ಹಳೆಯ ಸಿ ಡ್ರೈವಿನದು. ಯಾವುದು ಯಾವುದರದು? ಬೀಗದ ಪರದೆಯ ಮೇಲೆ ಕೀ ಗುರುತಿನ ಎಂಟು ಅಕ್ಷರಗಳು ಇರುತ್ತವೆ, ಪಟ್ಟಿಯಲ್ಲೂ ಅದೇ ಎಂಟು ಇರುವ ಸಾಲು ಹುಡುಕಬೇಕು. ಹುಡುಗ ಆರಾರು ಅಂಕಿಯಾಗಿ ಎಂಟು ಗುಂಪು ಓದಿದ, ನಾನು ಹೊಡೆದೆ. ಕೊನೆಯ ಗುಂಪಿಗೆ ಬಂದಾಗ ಹಿಂದಿನ ಆಫ್‌ಸೆಟ್ ಮಿಷನ್ನಿನವನೂ ಮಿಷನ್ ನಿಲ್ಲಿಸಿ ಬಂದು ನಿಂತಿದ್ದ.

ಬೀಗ ತೆರೆಯಿತು. ಯಜಮಾನರು ಮೊದಲು ತೆರೆದದ್ದು ಸೋಮವಾರದ ಪತ್ರಿಕೆಯನ್ನಲ್ಲ, 2021ರದೊಂದು ಹಳೆಯ ಫೋಲ್ಡರನ್ನು. ಅವರ ಮಗಳ ಮದುವೆಯದಂತೆ.

ಉಳಿದದ್ದು ಸಣ್ಣ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಬ್ರಿಟಿಷ್ ಕೀಬೋರ್ಡ್ ತೆಗೆದೆ. ಡಿ ಡ್ರೈವನ್ನು ಹೊರಗಿನ ಒಂದು ಡಿಸ್ಕಿಗೆ ಪೂರ್ತಿ ನಕಲು ಹಾಕಲು ಬಿಟ್ಟೆ, ರಾತ್ರಿ ಹತ್ತಾಯಿತು. ನುಡಿ ಹಾಕಿ, ಹಳೆಯ ಪತ್ರಿಕೆಯೊಂದನ್ನು ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ನೋಡಿದೆ. ಅಕೌಂಟಿಗೆ ಯಜಮಾನರ ಫೋನ್ ನಂಬರನ್ನೂ ಸೇರಿಸಿದೆ. ಹುಬ್ಬಳ್ಳಿಯ ಇಮೇಲನ್ನು ತೆಗೆಯಲಿಲ್ಲ, ಎರಡಿರುವುದೇ ವಾಸಿ. ಕೊನೆಗೆ ಪ್ಲಗ್ ಕಿತ್ತು ಹೊಸ ಸೆಲ್ ಕೂರಿಸಿ, ಬಯೋಸ್‌ನಲ್ಲಿ ಇನ್ನೊಮ್ಮೆ ತಾರೀಖು ಹಾಕಿ, ಬೇಕೆಂದೇ ಮೇನ್ ಆರಿಸಿ ಹತ್ತು ನಿಮಿಷ ಬಿಟ್ಟು ನೋಡಿದೆ. 2025ರಲ್ಲೇ ಕಣ್ಣು ಬಿಟ್ಟಿತು. ಹೊಸ ದೊಡ್ಡ ಬ್ಯಾಟರಿ ಹಾಕಿಸಿ ಎಂದೂ ಹೇಳಿದ್ದೇನೆ, ಸೀಸನ್ ಮುಗಿಯಲಿ ಅಂದಿದ್ದಾರೆ.

48 ಅಂಕಿಗಳನ್ನು ಕಾಗದದಲ್ಲಿ ಇಟ್ಟುಕೊಳ್ಳಿ ಎಂದಾಗ ಯಜಮಾನರು ಪ್ರೆಸ್ಸಿನವರಿಗೆ ತಕ್ಕ ಹಾಗೆಯೇ ನಡೆದುಕೊಂಡರು. ಯಾವುದೋ ಮದುವೆಯಲ್ಲಿ ಮಿಕ್ಕಿದ ದಪ್ಪ ಕಾರ್ಡು ತಂದರು. ಮೇಲ್ಗಡೆ ಬಂಗಾರದ ಗಣಪತಿ, ಶ್ರೀ ಗಣೇಶಾಯ ನಮಃ, ಕೆಳಗೆ ಖಾಲಿ. ಆ ಖಾಲಿ ಜಾಗದಲ್ಲಿ ಎಂಟು ಸಾಲು ಅಂಕಿಗಳನ್ನು ನಡುಮಧ್ಯಕ್ಕೆ ಹೊಂದಿಸಿ ಅಚ್ಚು ಮಾಡಿ, ಎರಡು ಪ್ರತಿ ತೆಗೆದು, ಒಂದನ್ನು ಮನೆಯ ಬೀರುವಿಗೆಂದು ಜೇಬಿಗಿಟ್ಟುಕೊಂಡರು. ಇನ್ನೊಂದನ್ನು ಲಕೋಟೆಗೆ ಹಾಕಿ, ಮೂಲೆಗೆ ಅರಿಶಿನ ಹಚ್ಚಿ, ಹುಬ್ಬಳ್ಳಿಯ ವಿಳಾಸ ಬರೆದರು.